ಬಿಸಿಲನ್ನು ಬುತ್ತಿ ಕಟ್ಟುವ ನಾಡು

ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿಗಳ ಹೆಸರು ಬಂದೊಡನೆ ಕೇಳುವವರ ಕಣ್ಣ ಮುಂದೆ ಸುಳಿಯುವುವು ಮೂರೇ ವಸ್ತುಗಳು: ಬಿಸಿಲು, ಕಲ್ಲು ಮತ್ತು ತೊಗರಿ. ಈ ಸೀಮೆಗೆ ಕಾಯಿಪಲ್ಯದ ಕೀರ್ತಿಯಿಲ್ಲ. ಬೆಳಗಾವಿಯ ತೋಟಪಟ್ಟಿಗಳನ್ನೋ ಕೋಲಾರದ ತರಕಾರಿ ಮಂಡಿಗಳನ್ನೋ ಕಂಡು ಬಂದವರಿಗೆ ಇಲ್ಲಿಯ ಎರೆಹೊಲಗಳು ಬರಿದಾಗಿಯೇ ತೋರುತ್ತವೆ. ಆದರೂ ಶತಮಾನಗಳ ಕಾಲ ಇಲ್ಲಿಯ ಗೃಹಿಣಿಯರು ವರುಷದ ಹನ್ನೆರಡು ತಿಂಗಳೂ ರೊಟ್ಟಿಯ ಜೊತೆಗೆ ಒಂದಿಷ್ಟು ಪಲ್ಯವನ್ನು ಬಡಿಸುತ್ತಲೇ ಬಂದಿದ್ದಾರೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಅರಿಯುವ ಕುತೂಹಲದಿಂದ ನಾವು ಈ ಐದೂ ಊರುಗಳ ಆಸುಪಾಸಿನಲ್ಲಿ ಎರಡು ಸಲ ಸಂಚರಿಸಿದೆವು. ಮಾರ್ಗಶಿರದ ಚಳಿಯಲ್ಲೊಮ್ಮೆ, ಚೈತ್ರದ ಬಿಸಿಲಿನಲ್ಲೊಮ್ಮೆ. ಕಂಡದ್ದನ್ನು ಓದುಗ ಬಂಧುಗಳ ಮುಂದೆ, ವಿಶೇಷವಾಗಿ ಮನೆಯ ತಾಯಂದಿರ ಮುಂದೆ, ಇರಿಸುತ್ತಿದ್ದೇವೆ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವೇ ಅಭಾವದ ಕಾಲ. ಲಡಾಖಿನ ಜನ ಬೇಸಗೆಯ ಕೆಲವೇ ತಿಂಗಳುಗಳಲ್ಲಿ ಬೆಳೆದ ಗಜ್ಜರಿ, ಮೂಲಂಗಿ, ಆಲೂಗಡ್ಡೆಗಳನ್ನು ನೆಲದೊಳಗಿನ ಗುಂಡಿಗಳಲ್ಲಿ ಹೂತಿಟ್ಟು ಚಳಿಗಾಲವನ್ನು ಕಳೆಯುತ್ತಾರೆ. ಕೊರಿಯಾ ದೇಶದಲ್ಲಿ ಚಳಿ ಏರುವ ಮುನ್ನ ಬಂಧುಬಳಗ, ನೆರೆಹೊರೆಯವರೆಲ್ಲ ಕೂಡಿ ಕೋಸಿನ ಕಿಮ್ಚಿ ಹಾಕುತ್ತಾರೆ. ಈ ಸಾಮೂಹಿಕ ಕಾರ್ಯವನ್ನು ಯುನೆಸ್ಕೋ ಸಂಸ್ಥೆ 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಸೀಮೆಯಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಇಲ್ಲಿ ಚಳಿಗಾಲವೇ ಸಮೃದ್ಧಿಯ ಕಾಲ, ಬೇಸಗೆಯೇ ಕೊರತೆಯ ಕಾಲ. ಡಿಸೆಂಬರಿನ ಮುಂಜಾವಿನಲ್ಲಿ 15 ಡಿಗ್ರಿಯ ಸುತ್ತಮುತ್ತ ಇಳಿಯುವ ಉಷ್ಣಾಂಶ ಮೇ ತಿಂಗಳ ಮಧ್ಯಾಹ್ನಗಳಲ್ಲಿ 42 ಡಿಗ್ರಿಯನ್ನು ದಾಟುತ್ತದೆ. ಕೊತ್ತಂಬರಿ, ಮೆಂತ್ಯ, ಪಾಲಕಗಳು ಬಿಸಿಲೇರುತ್ತಲೇ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ನಿಲ್ಲುತ್ತವೆ. ಟೊಮ್ಯಾಟೊ ಗಿಡ 35 ಡಿಗ್ರಿಯ ಮೇಲೆ ಹೂವನ್ನು ಉದುರಿಸುತ್ತದೆ. ಆದ್ದರಿಂದ ಚಳಿಗಾಲದ ಹಸಿರನ್ನು ಬೇಸಗೆಗೆ ದಾಟಿಸುವುದೇ ಇಲ್ಲಿಯ ಗೃಹಕೃತ್ಯದ ಮುಖ್ಯ ಪ್ರಶ್ನೆಯಾಯಿತು. ಹಸಿರನ್ನು ಒಣಗಿಸುವ ಬಿಸಿಲನ್ನೇ ಅದನ್ನು ಕಾಪಾಡುವ ಸಾಧನವನ್ನಾಗಿ ಮಾಡಿಕೊಂಡದ್ದು ಇಲ್ಲಿಯ ಜನರ ಜಾಣ್ಮೆ.

ವಾಡಿ ಮತ್ತು ಶಹಾಬಾದ

ನಮ್ಮ ಸಂಚಾರ ವಾಡಿಯಿಂದ ಮೊದಲಾಯಿತು. ಮುಂಬಯಿಯಿಂದ ಚೆನ್ನೈಗೆ ಸಾಗುವ ಹಳಿಯಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವ ಸ್ಥಳ ಇದು. ನಿಜಾಮರ ಕಾಲದಲ್ಲಿ, 1874ರಲ್ಲಿ, ಈ ಕವಲುದಾರಿ ತೆರೆದಂದಿನಿಂದ ವಾಡಿಯು ಬರುವವರ ಮತ್ತು ಹೋಗುವವರ ಊರಾಗಿದೆ. ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೊರಟ ಕುಟುಂಬಗಳು ನಿಲ್ದಾಣದ ಕಟ್ಟೆಯ ಮೇಲೆ ಗಂಟುಗಳನ್ನಿಟ್ಟುಕೊಂಡು ಕಾಯುತ್ತಿರುವುದನ್ನು ಇಲ್ಲಿ ಕಾಣಬಹುದು. ಆ ಗಂಟುಗಳಲ್ಲಿ ಏನಿರುತ್ತದೆಂಬುದನ್ನು ವಿಚಾರಿಸಿದೆವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸೆ ಹಿಂಡಿ, ಬಾಳಕದ ಮೆಣಸಿನಕಾಯಿ, ಒಣಗಿಸಿದ ಕಡಲೆಪಲ್ಯದ ಒಂದು ಚೀಲ. ಪರಸ್ಥಳದಲ್ಲಿ ಕೂಲಿ ಸಿಗುವವರೆಗೆ ಹಲವು ದಿನ ಒಲೆಯ ಮುಂದೆ ಚಿಂತೆಯಿಲ್ಲದಂತೆ ಮಾಡುವ ಆಹಾರವಿದು. ನೀರಿನಂಶವನ್ನು ತೆಗೆದ ಮೇಲೆ ಹೊರೆಯೂ ಹಗುರ, ಕೆಡುವ ಭಯವೂ ಕಡಿಮೆ.

ವಾಡಿಯಿಂದ ಕೆಲವೇ ಮೈಲಿಗಳ ದೂರದಲ್ಲಿ ಶಹಾಬಾದ. ಈ ಊರಿನ ಹೆಸರು ಹೊತ್ತ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಭೂಗರ್ಭದಲ್ಲಿ ಪದರ ಪದರವಾಗಿ ಕುಳಿತ ಈ ಸುಣ್ಣದ ಕಲ್ಲನ್ನು ಉಳಿಯಿಂದ ಎಬ್ಬಿಸಿದರೆ ಹಲಗೆಯಂತೆ ಮೇಲೇಳುತ್ತದೆ. ಸ್ಥಳೀಯರು ಇದಕ್ಕೆ ಪರಸಿ ಎನ್ನುತ್ತಾರೆ. ಅಂಗಳಕ್ಕೆ ಪರಸಿ, ಮಾಳಿಗೆಗೆ ಪರಸಿ, ದನದ ಕೊಟ್ಟಿಗೆಗೂ ಪರಸಿ. ಇದೇ ಕಲ್ಲು ಸುತ್ತಲಿನ ಸಿಮೆಂಟಿನ ಉದ್ಯಮಕ್ಕೂ ಮೂಲದ್ರವ್ಯ.

ಆದರೆ ಪರಸಿಯ ಇನ್ನೊಂದು ಉಪಯೋಗವನ್ನು ನಾವು ಕಂಡದ್ದು ಚೈತ್ರದಲ್ಲಿ, ಶಹಾಬಾದದ ಸಮೀಪದ ಒಂದು ಮನೆಯ ಮಾಳಿಗೆಯ ಮೇಲೆ. ಸೀರೆಯ ಹಳೆಯ ತುಂಡುಗಳನ್ನು ಹಾಸಿ, ಅವುಗಳ ಮೇಲೆ ಸೀಳಿದ ಚವಳಿಕಾಯಿ, ಬಿಲ್ಲೆಯಾಗಿ ಹೆಚ್ಚಿದ ಬದನೆ, ಸೌತೆ, ಸಾಲು ಸಾಲಾಗಿ ಸೆಂಡಿಗೆ, ಹಪ್ಪಳಗಳನ್ನು ಹರಡಿದ್ದರು. ಹಗಲೆಲ್ಲ ಬಿಸಿಲನ್ನು ಹೀರಿದ ಕಲ್ಲು ಸೂರ್ಯಾಸ್ತದ ಅನಂತರವೂ ಬೆಚ್ಚಗಿರುವುದರಿಂದ ಕಾಯಿಗಳು ಮೇಲಿನಿಂದಲೂ ಕೆಳಗಿನಿಂದಲೂ ಒಣಗುತ್ತವೆ. ಆ ಮನೆಯ ಹಿರಿಯ ತಾಯಿ, "ಬಿಸಲು ನಮ್ಮ ಮನಿ ಆಳು ಇದ್ದಂಗ್ರಿ ಅಪ್ಪೋರೆ. ಕೂಲಿ ಕೇಳಂಗಿಲ್ಲ, ರಜಾ ಕೇಳಂಗಿಲ್ಲ. ಆದ್ರ ಅದರ ಮುಂದ ನಾವೂ ನಿಂತಿರ್ಬೇಕು ನೋಡ್ರಿ" ಎಂದರು. ನಿಂತಿರಬೇಕಾದ ಕಾರಣವೂ ತಿಳಿಯಿತು. ಎರಡು ತಾಸಿಗೊಮ್ಮೆ ಕಾಯಿಗಳನ್ನು ತಿರುವಬೇಕು, ಸಂಜೆಗೆ ಒಳಗೆ ತರಬೇಕು. ಇರುಳಿನ ತಂಪು ಗಾಳಿಯ ತೇವ ತಗಲಿದರೆ ಹಗಲಿನ ಶ್ರಮವೆಲ್ಲ ವ್ಯರ್ಥ.

ಹುಣಸೆ, ಲಿಂಬೆಯಂಥ ಹುಳಿ ಪದಾರ್ಥಗಳನ್ನು ಮಾತ್ರ ಅವರು ಪರಸಿಗೆ ತಗಲಗೊಡುವುದಿಲ್ಲ. ಅವುಗಳಿಗೆ ಬಿದಿರಿನ ಮೊರ. ಹುಳಿಯು ಸುಣ್ಣದ ಕಲ್ಲನ್ನು ಕರಗಿಸುತ್ತದೆ, ಕಲ್ಲಿನ ಪುಡಿ ಹಣ್ಣಿನಲ್ಲಿ ಸೇರುತ್ತದೆ. ರಸಾಯನಶಾಸ್ತ್ರದ ಪಾಠವನ್ನು ಶಾಲೆಯಲ್ಲಿ ಕಲಿಯದ ತಾಯಂದಿರು ಆ ಕಲ್ಲಿನ ಗುಣವನ್ನು ಬಳಕೆಯಿಂದಲೇ ಅರಿತಿದ್ದಾರೆ. ಈ ಕಲ್ಲಿನ ನೆಲದ ಬಾವಿಯ ನೀರು ಗಡಸು. ಅದರಲ್ಲಿಯ ಸುಣ್ಣದಂಶದಿಂದ ಬೇಳೆಕಾಳುಗಳು ಬೇಗ ಮೆತ್ತಗಾಗುವುದಿಲ್ಲ. ಒಣಕಾಳನ್ನು ನೆನೆಹಾಕಲು ಮಳೆಯ ನೀರೋ ಹೊಳೆಯ ನೀರೋ ದೊರೆತರೆ ಬೇಯುವ ಹೊತ್ತೂ ಉರುವಲೂ ಉಳಿಯುತ್ತವೆ.

ಚಿತ್ತಾಪುರ

ಚಿತ್ತಾಪುರದ ಮಗ್ಗುಲಲ್ಲಿಯೇ ನಾಗಾವಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಹೆಸರಾಂತ ಘಟಿಕಾಸ್ಥಾನವಿತ್ತು. 1058ರ ಶಾಸನವು ವಿದ್ಯಾರ್ಥಿಗಳ ಮತ್ತು ಉಪಾಧ್ಯಾಯರ ಜೀವಿತಕ್ಕೆ ಬಿಟ್ಟ ದತ್ತಿಯನ್ನು ಹೇಳುವುದರೊಂದಿಗೆ, ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರನ್ನೂ ಸ್ಮರಿಸುತ್ತದೆ. ಓಲೆಗರಿಗೆ ಗೆದ್ದಲು, ತೇವ, ಹುಳು ತಾಗದಂತೆ ಕಾಯುವುದೂ ಒಂದು ವಿದ್ಯೆಯೆಂದು, ಅದಕ್ಕೂ ಜೀವಿತ ಸಲ್ಲಬೇಕೆಂದು ಆ ಕಾಲದವರು ಬಗೆದಿದ್ದರು. ನಾಗಾವಿಯ ಕಂಬಗಳ ನಡುವೆ ನಿಂತಾಗ ನಮಗೆ ಮಾಳಿಗೆಯ ಮೇಲಿನ ತಾಯಿಯ ನೆನಪಾಯಿತು. ತೇವ, ಹುಳು, ಬೂಷ್ಟುಗಳೊಡನೆ ಹೋರಾಡುವ ಆಕೆಯೂ ಒಬ್ಬ ಭಂಡಾರಿಯೇ. ಆಕೆಗೆ ಮಾತ್ರ ಯಾವ ಶಾಸನದಲ್ಲಿಯೂ ದತ್ತಿ ಬರೆದಿಲ್ಲ.

ಮಾರ್ಗಶಿರದ ಅಮಾವಾಸ್ಯೆಯಂದು ನಾವು ಚಿತ್ತಾಪುರ ಸೀಮೆಯ ಹೊಲವೊಂದರಲ್ಲಿದ್ದೆವು. ಅಂದು ಎಳ್ಳಮಾವಾಸ್ಯೆ. ಮನೆಮಂದಿಯೆಲ್ಲ ಬಂಡಿ, ಟ್ರ್ಯಾಕ್ಟರುಗಳಲ್ಲಿ ಹೊಲಕ್ಕೆ ಬಂದು ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಅಂಬಲಿ, ಭಜ್ಜಿಗಳನ್ನು ಉಣ್ಣುತ್ತಾರೆ. ಈ ಭಜ್ಜಿಯು ಎಣ್ಣೆಯಲ್ಲಿ ಕರಿದ ಪೇಟೆಯ ತಿಂಡಿಯಲ್ಲ. ಹಸಿ ತೊಗರಿ, ಅವರೆ, ಕಡಲೆಗಳೊಡನೆ ಮೆಂತ್ಯ, ಪುಂಡಿ, ಬದನೆ, ಗಜ್ಜರಿ, ಹೀಗೆ ಆ ಋತುವಿನಲ್ಲಿ ದೊರೆಯುವ ಬಗೆಬಗೆಯ ಕಾಯಿಸೊಪ್ಪುಗಳನ್ನು ಕೂಡಿಸಿ ಕಡಲೆಹಿಟ್ಟಿನಲ್ಲಿ ಕುದಿಸಿದ ಪಲ್ಯ. ಚಳಿಗಾಲವು ಈ ನೆಲಕ್ಕೆ ಕೊಟ್ಟದ್ದೆಲ್ಲವೂ ಒಂದೇ ಗಡಿಗೆಯಲ್ಲಿ ಕೂಡುತ್ತದೆ.

ಅದೇ ಹೊಲದಲ್ಲಿ ಕಡಲೆಯ ಕುಡಿ ಚಿವುಟುವುದನ್ನು ಕಂಡೆವು. ಬಿತ್ತಿ ಒಂದು ತಿಂಗಳು ಕಳೆದ ಗಿಡದ ಕುಡಿಯನ್ನು ಚಿವುಟಿದರೆ ಟಿಸಿಲುಗಳು ಹೆಚ್ಚಿ ಕಾಯಿಯೂ ಹೆಚ್ಚುತ್ತದೆ, ಮನೆಗೆ ಪಲ್ಯವೂ ದೊರೆಯುತ್ತದೆ. ಹೂವಾಡಿದ ಮೇಲೆ ಚಿವುಟಬಾರದು. ಕಡಲೆಯ ಎಲೆಯಲ್ಲಿ ಸಹಜವಾಗಿಯೇ ಹುಳಿಯಿದೆ. ಇರುಳು ಗಿಡಗಳ ಮೇಲೆ ತೆಳುವಾದ ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯೊಡನೆ ಹಿಂಡಿ ಆ ಹುಳಿಯನ್ನು ಸಂಗ್ರಹಿಸುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಚಿವುಟಿದ ಕುಡಿಯನ್ನು ನೆರಳಿನಲ್ಲಿ ಒಣಗಿಸಿ ಮಡಕೆಯಲ್ಲಿ ತುಂಬಿದರೆ ಮೃಗಶಿರಾ ಮಳೆಯವರೆಗೆ ಬರುತ್ತದೆ. ಒಂದು ಹಿಡಿ ಒಣಸೊಪ್ಪು, ಒಂದಿಷ್ಟು ಜೋಳದ ನುಚ್ಚು, ಬೆಳ್ಳುಳ್ಳಿಯ ಒಗ್ಗರಣೆ ಇದ್ದರೆ ಐದು ಜನರ ಊಟಕ್ಕೆ ಪಲ್ಯವಾಗುತ್ತದೆ.

ಸೇಡಂ

ಚಿತ್ತಾಪುರದಿಂದ ಸೇಡಂಗೆ ಹೋಗುವ ಹಾದಿಯಲ್ಲಿ ಕಾಗಿಣಾ ತೀರದ ಮಳಖೇಡ ಎದುರಾಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವಿದು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ರಚಿತವಾದುದು ಇಲ್ಲಿಯೇ. ಕೋಟೆಯ ಗೋಡೆಗೂ ಅದೇ ಪದರಗಲ್ಲು. ಕಾಗಿಣೆಯು ತೆಲಂಗಾಣದ ಅನಂತಗಿರಿಯ ಕಡೆಯಿಂದ ಇಳಿದು ಬಂದು ಮುಂದೆ ಭೀಮೆಯನ್ನು ಸೇರುತ್ತಾಳೆ. ಬೇಸಗೆಯಲ್ಲಿ ಸೊರಗುವ ಈ ಹೊಳೆ ಮಳೆಗಾಲದಲ್ಲಿ ಉಗ್ರಳಾಗುತ್ತಾಳೆ. 2020ರ ಅಕ್ಟೋಬರಿನ ಮಹಾಪೂರದಲ್ಲಿ ಭೀಮಾ, ಕಾಗಿಣಾ ತೀರಗಳ ಮನೆಗಳಿಗೆ ನೀರು ನುಗ್ಗಿದಾಗ ಕೂಡಿಟ್ಟ ಕಾಳುಕಡಿ, ಒಣಗಿಸಿಟ್ಟ ಕಾಯಿಪಲ್ಯ ಎಲ್ಲವೂ ಕೊಚ್ಚೆಯಾದುವು. ಹೀಗಾಗಿ ನದಿಯ ಸಮೀಪದ ಮನೆಗಳಲ್ಲಿ ಒಣಪದಾರ್ಥದ ಮಡಕೆಗಳನ್ನು ಅಟ್ಟದ ಮೇಲಿಡುವುದೇ ಕ್ಷೇಮ.

ಸೇಡಂ ಸೀಮೆಯ ಹಳ್ಳಿಗಳಲ್ಲಿ ಹಿತ್ತಲಿನ ಕೃಷಿ ಇನ್ನೂ ಉಳಿದಿದೆ. ಬಚ್ಚಲ ನೀರಿನ ಕಾಲುವೆಯ ಬದಿಗೆ ನುಗ್ಗೆ, ಬಸಳೆ. ಬೇಲಿಗೆ ಹೀರೆ, ತೊಂಡೆ. ಮಡಿಯಲ್ಲಿ ಬದನೆ, ಬೆಂಡೆ, ಚವಳಿ. ಶ್ರಾವಣ, ಭಾದ್ರಪದಗಳಲ್ಲಿ ಬದನೆ, ಟೊಮ್ಯಾಟೊಗಳ ಸಸಿ ಮಾಡಿ, ಅಕ್ಟೋಬರ್ ಬರುತ್ತಲೇ ಮೆಂತ್ಯ, ಕೊತ್ತಂಬರಿ, ಮೂಲಂಗಿ, ಗಜ್ಜರಿಗಳನ್ನು ಹದಿನೈದು ದಿನಕ್ಕೊಂದು ಸಾಲಿನಂತೆ ಬಿತ್ತಿದರೆ ಸಂಕ್ರಾಂತಿ ಕಳೆದ ಮೇಲೂ ಹಸಿರು ಬರುತ್ತಿರುತ್ತದೆ. ಬೇಸಗೆಯಲ್ಲಿ ನಾಲ್ಕು ಗಿಡಗಳನ್ನಾದರೂ ಉಳಿಸಿಕೊಳ್ಳಬೇಕೆನ್ನುವವರು ಸುಡದ ನೆರಳು, ಬೇರಿನ ಬಳಿ ಹುಲ್ಲಿನ ಹೊದಿಕೆ, ಕುತ್ತಿಗೆಯವರೆಗೆ ಹೂತ ಮಣ್ಣಿನ ಗಡಿಗೆ, ಈ ಮೂರನ್ನು ನಂಬಬಹುದು. ಗಡಿಗೆಯ ನೀರು ಜಿನುಗಿ ಬೇರಿಗಷ್ಟೇ ತಲುಪುವುದರಿಂದ ಒಂದು ಕೊಡ ನೀರು ಹಲವು ದಿನ ಬಾಳುತ್ತದೆ. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಒಣಗಿದ ಸೋರೆಬುರುಡೆಯಲ್ಲಿ ತುಂಬಿ ಒಲೆಯ ಹೊಗೆ ತಾಗುವಂತೆ ತೂಗುಹಾಕುವ ಕ್ರಮವನ್ನೂ ಇಲ್ಲಿ ಕಂಡೆವು.

ಕಾಳಿಗೆ ಹಿಂದೆ ಹಗೇವು ಇತ್ತು. ನೆಲದೊಳಗೆ ತೋಡಿ, ಒಳಗೋಡೆಗೆ ಹುಲ್ಲಿನ ಹೊದಿಕೆ ಕೊಟ್ಟು, ಜೋಳ ಸುರಿದು, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯಲ್ಲಿಯ ಪ್ರಾಣವಾಯು ಕಾಳಿನ ಉಸಿರಿಗೇ ಮುಗಿದುಹೋಗುವುದರಿಂದ ಹುಳುಗಳು ಬದುಕುತ್ತಿರಲಿಲ್ಲ. ಅದೇ ಕಾರಣಕ್ಕೆ, ತೆರೆದ ಕೂಡಲೇ ಇಳಿದ ಮನುಷ್ಯರೂ ಪ್ರಾಣ ಕಳೆದುಕೊಂಡದ್ದುಂಟು. ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕೆಂಬುದು ಹಿರಿಯರ ಎಚ್ಚರಿಕೆ. ಈಗ ಬಹುಪಾಲು ಹಗೇವುಗಳು ಮುಚ್ಚಿಹೋಗಿವೆ.

ಚಿಂಚೋಳಿ

ಸೇಡಂನಿಂದ ಉತ್ತರಕ್ಕೆ ಸಾಗಿದಂತೆ ಕಪ್ಪು ನೆಲ ಕೆಂಪಾಗಿ, ಬಯಲು ಗುಡ್ಡವಾಗಿ ಬದಲಾಗುತ್ತದೆ. ಮುಲ್ಲಾಮಾರಿ ಹೊಳೆ, ಚಂದ್ರಂಪಳ್ಳಿಯ ಜಲಾಶಯ, ಕುಂಚಾವರಂ ಕಡೆಯ ಕಾಡು, ಇವು ಬಿಸಿಲುಸೀಮೆಯೊಳಗಿನ ತಂಪು ತಾಣಗಳು. 2011ರಲ್ಲಿ ಇಲ್ಲಿಯ ಸುಮಾರು 134 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕಾಡಿನ ಅಂಚಿನ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ತೋಟ ಮಾಡದೆಯೂ ಪಲ್ಯ ದೊರೆಯುತ್ತದೆ. ಮೊದಲ ಮಳೆ ಬಿದ್ದ ಕೆಲವು ವಾರಗಳಲ್ಲಿ ಹೊಲದ ಬದುಗಳಲ್ಲಿ ಗೋಳಿ, ರಾಜಗಿರಿ, ಹಕ್ಕರಕಿ, ಕಿರಕಸಾಲಿ ತಾವಾಗಿಯೇ ಏಳುತ್ತವೆ. ಕೂಲಿಯಿಂದ ಮರಳುವ ಹೆಣ್ಣುಮಕ್ಕಳು ಉಡಿ ತುಂಬ ಬಳಿದುಕೊಂಡು ಬರುತ್ತಾರೆ. ಕಳೆನಾಶಕದ ಸಿಂಪಡಣೆ ಬಂದ ಮೇಲೆ ಈ ಉಡಿ ಬರಿದಾಗುತ್ತಿದೆ ಎಂದು ಅಲ್ಲಿಯ ತಾಯಿಯೊಬ್ಬರು ನೊಂದುಕೊಂಡರು. ಹೊಲದ ಒಡೆಯನಿಗೆ ಅದು ಕಳೆ. ಹೊಲವಿಲ್ಲದವಳಿಗೆ ಅದೇ ಹಿತ್ತಲು.

ಈ ಮಾತಿನಲ್ಲಿ ಈ ಲೇಖನದ ತಿರುಳಿದೆ. ಏಪ್ರಿಲಿನಿಂದ ಜೂನಿನವರೆಗೆ ಪೇಟೆಯ ಕಾಯಿಪಲ್ಯದ ಬೆಲೆ ಏರಿದಾಗ ಉಳ್ಳವರ ಅಡುಗೆಮನೆಯಲ್ಲಿ ವ್ಯತ್ಯಾಸವೇನೂ ಕಾಣದು. ಕೂಲಿಯವರ ಮನೆಯಲ್ಲಿ ರೊಟ್ಟಿ, ಖಾರ, ಉಪ್ಪು ಮಾತ್ರ ಉಳಿಯುತ್ತವೆ. ಅದರಲ್ಲಿಯೂ ಕೊನೆಗೆ ಉಣ್ಣುವವಳು ಗೃಹಿಣಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ ಹತ್ತಿರ ಹತ್ತಿರ ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆಯಿದೆ. ಒಣಗಿಸಿದ ಸೊಪ್ಪಿನಲ್ಲಿ ಸಿ ಜೀವಸತ್ವ ಬಹುಪಾಲು ನಾಶವಾದರೂ ಕಬ್ಬಿಣ, ಸುಣ್ಣದಂಶಗಳು ಉಳಿಯುತ್ತವೆ. ಉಣ್ಣುವಾಗ ಅರ್ಧ ಹೋಳು ಲಿಂಬೆ ಹಿಂಡಿಕೊಂಡರೆ ಆ ಕಬ್ಬಿಣವು ದೇಹಕ್ಕೆ ಹೆಚ್ಚಾಗಿ ದಕ್ಕುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ದಕ್ಕುವುದು ಕಡಿಮೆಯಾಗುತ್ತದೆ.

ತಾಯಂದಿರಿಗೆ ಕೆಲವು ಸೂಚನೆಗಳು

ಸೊಪ್ಪಿನಲ್ಲಿ ನೂರಕ್ಕೆ 85ರಿಂದ 90 ಭಾಗ ನೀರೇ. ಅದನ್ನು ಕಳೆಯುವುದೇ ಸಂರಕ್ಷಣೆಯ ಮೂಲಸೂತ್ರ. ಸೊಪ್ಪನ್ನು ತೊಳೆದು, ನೀರು ಬಸಿದು, ನೆರಳಿನಲ್ಲಿ ಗಾಳಿಗೆ ಹರಡಬೇಕು. ನೇರ ಬಿಸಿಲಿಗೆ ಅದರ ಬಣ್ಣವೂ ಕಣ್ಣಿಗೆ ಹಿತವಾದ ಸತ್ವವೂ ಬೇಗ ನಶಿಸುತ್ತವೆ. ಚವಳಿ, ಗಜ್ಜರಿಯಂಥ ಕಾಯಿಗಡ್ಡೆಗಳನ್ನು ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಒಣಗಿಸಿದರೆ ಬಣ್ಣ, ರುಚಿ ಉಳಿಯುತ್ತವೆ. ಒಣಗಿದ ಸೊಪ್ಪು ಹಿಡಿಯಲ್ಲಿ ಪುಡಿಯಾಗಬೇಕು, ಕಾಯಿ ಮುರಿದರೆ ಚಟ್ಟೆಂದು ಸದ್ದಾಗಬೇಕು. ಬಿಸಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಅಮಾವಾಸ್ಯೆಗೊಮ್ಮೆ ತೆರೆದು ನೋಡಿ, ಮೆತ್ತಗಾಗಿದ್ದರೆ ಮತ್ತೆ ಬಿಸಿಲು ತೋರಿಸಬೇಕು.

ಬಾಳಕಕ್ಕೆ ದಪ್ಪನೆಯ, ಖಾರ ಕಡಿಮೆಯಿರುವ ಹಸಿಮೆಣಸಿನಕಾಯಿ ಮೇಲು. ಸೀಳಿ, ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ಇರುಳು ನೆನೆಯಿಟ್ಟು ಹಗಲು ಒಣಗಿಸಬೇಕು. ಮೂರು ನಾಲ್ಕು ದಿನ ಹೀಗೆ ಮಾಡಿ, ಬಳಿಕ ಪೂರ್ತಿ ಒಣಗಿಸಬೇಕು. ಮೆಣಸಿನಕಾಯಿ, ಶೇಂಗಾಗಳಿಗೆ ಬೂಷ್ಟು ಹಿಡಿದರೆ ತೊಳೆದು ಬಳಸುವ ಆಸೆ ಬೇಡ; ಆ ಬೂಷ್ಟಿನ ವಿಷ ಕುದಿಸಿದರೂ ಹೋಗದು, ಯಕೃತ್ತಿಗೆ ಹಾನಿ. ಉಪ್ಪಿನಕಾಯಿಯಲ್ಲಿ ಹುಳಿ ಮತ್ತು ಉಪ್ಪು ಸಾಕಷ್ಟಿರಲಿ. ಹಸಿ ಬೆಳ್ಳುಳ್ಳಿಯನ್ನು ಬರಿಯ ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಹೊರಗಿಡುವುದು ಅಪಾಯಕರ. ರಕ್ತದೊತ್ತಡವಿರುವ ಹಿರಿಯರಿಗೆ ಉಪ್ಪು ಹಾಕಿದ ಬಾಳಕ, ಸೆಂಡಿಗೆಗಳಿಗಿಂತ ಉಪ್ಪಿಲ್ಲದೆ ಒಣಗಿಸಿದ ಸೊಪ್ಪೇ ಹಿತ. ಗಣಿ, ರಸ್ತೆಗಳ ಧೂಳು ಬೀಳುವ ಊರುಗಳಲ್ಲಿ ತೆರೆದ ಮಾಳಿಗೆಯ ಮೇಲೆ ಹಾಸುವಾಗ ತೆಳುವಾದ ಬಿಳಿಯ ಬಟ್ಟೆಯ ಮೇಲುಹೊದಿಕೆ ಅವಶ್ಯ.

ಇದೆಲ್ಲ ಕೇಳಿದ ಸೊಸೆಯಂದಿರು ಒಂದು ಪ್ರಶ್ನೆ ಕೇಳುತ್ತಾರೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಸೇಡಂನ ಮನೆಯೊಂದರಲ್ಲಿ ಶಾಲೆಯಲ್ಲಿ ಕಲಿಸುವ ಸೊಸೆ ನಮ್ಮೆದುರಿಗೇ ಅತ್ತೆಯವರಿಗೆ ಹೇಳಿದಳು: "ಅತ್ತಿ, ನೀವು ಮಾಡಿದ್ದು ನಾ ಅಲ್ಲಗಳ್ಯಾಂಗಿಲ್ಲ. ಆದ್ರ ಬಿಸಲಾಗ ನಿಂತಾವ್ರು ಬರೇ ಹೆಣ್ಮಕ್ಕಳೇ ಯಾಕ್ರಿ?" ಅತ್ತೆ ಉತ್ತರಿಸಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಆ ಪ್ರಶ್ನೆ ಗಂಡಸರಿಗೆ ಕೇಳಿದ್ದು. ಕಾಯಕವು ಎಲ್ಲರಿಗೂ ಸಲ್ಲುವುದೆಂದು ಬೋಧಿಸಿದ ಪರಂಪರೆಯವರ ಮನೆಗಳಲ್ಲಿ ಕಾಯಿ ಹೆಚ್ಚುವುದು, ಮಾಳಿಗೆಗೆ ಹೊರುವುದು, ಸಂಜೆ ಇಳಿಸುವುದು ಗಂಡುಮಕ್ಕಳಿಗೂ ಸಲ್ಲಬೇಕು. ಈ ಶ್ರಮ ಹಂಚಿಕೆಯಾಗದಿದ್ದರೆ ಈ ವಿದ್ಯೆ ಈ ತಲೆಮಾರಿಗೇ ಮುಗಿಯುತ್ತದೆ. ಹಾಗೆ ಮುಗಿದರೆ ಅದು ಸೊಸೆಯರ ದೋಷವಾಗದು.

ಶ್ರಮಕ್ಕೆ ಪ್ರತಿಫಲ ದೊರೆಯುವ ದಾರಿಗಳೂ ತೆರೆಯುತ್ತಿವೆ. ಜಿಲ್ಲೆಯ ಸ್ವಸಹಾಯ ಸಂಘಗಳ ಮಹಿಳೆಯರು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಕಡಕ್ ರೊಟ್ಟಿಯನ್ನು ದೂರದ ಪಟ್ಟಣಗಳಿಗೂ ಕಳುಹಿಸುತ್ತಿದ್ದಾರೆ. ರೊಟ್ಟಿ ಹೋದ ದಾರಿಯಲ್ಲಿ ಒಣ ಕಡಲೆಪಲ್ಯ, ಬಾಳಕಗಳೂ ಹೋಗಬಹುದು. ಹಿಮದ ನಾಡುಗಳಲ್ಲಿ ನೆಲೆಸಿದ ನಮ್ಮ ಮಕ್ಕಳು ಅಲ್ಲಿಯ ಕಿರುಬೇಸಗೆಯಲ್ಲಿ ಮೆಂತ್ಯ, ಪುಂಡಿ ಬೆಳೆದು ಶೀತಪೆಟ್ಟಿಗೆಯಲ್ಲಿ ಕೂಡಿಡುತ್ತಾರೆ. ಅವರಿಗೆ ಚಳಿ ಮಾಡಿಕೊಡುವ ಕೆಲಸವನ್ನು ನಮಗೆ ಬಿಸಿಲು ಮಾಡಿಕೊಡುತ್ತದೆ.

ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರನ್ನು ಈ ಸೀಮೆ ನೆನೆಯುವುದು ಹಸಿದವರಿಗೆ ಉಣಿಸಿದ್ದಕ್ಕಾಗಿ. ದಾಸೋಹಕ್ಕೆ ದೊಡ್ಡ ಕಣಜವೇ ಬೇಕೆಂದಿಲ್ಲ. ಬರುವ ಮಾರ್ಗಶಿರದಲ್ಲಿ ಪ್ರತಿ ಮನೆಯವರೂ ತಮಗೆ ಬೇಕಾದುದಕ್ಕಿಂತ ಒಂದು ಮೊರದಷ್ಟು ಹೆಚ್ಚು ಕಡಲೆಸೊಪ್ಪನ್ನು ಒಣಗಿಸಲಿ. ಬೇಸಗೆಯಲ್ಲಿ ತಮ್ಮ ಹೊಲಕ್ಕೆ, ಮನೆಗೆ ದುಡಿಯಲು ಬರುವ ತಾಯಿಯ ಉಡಿಗೆ ಆ ಹೆಚ್ಚಿನ ಪಾಲನ್ನು ಹಾಕಲಿ. ಒಂದು ಮನೆಗೆ ಒಂದು ಮೊರ, ಇಷ್ಟೇ ನಮ್ಮ ಕೋರಿಕೆ.